ಮುತ್ಯಾನ ಕಾಲದ ಪಿಸ್ತೂಲಿಗೆ ಕೋಟಿ ರೂಪಾಯಿ ಸಿಗುತ್ತದೆಯೇ? ಹಳೆ ಪಿಸ್ತೂಲಿನ ಬೆಲೆ ನಿಜಕ್ಕೂ ಎಲ್ಲಿದೆ?

ಹಳೆ ಐದು ರೂಪಾಯಿ ನೋಟಿಗೆ ಲಕ್ಷ ಸಿಗುತ್ತದೆ, ಅಕ್ಕಿ ಎಳೆಯುವ ಚೆಂಬಿಗೆ ಕೋಟಿ ಸಿಗುತ್ತದೆ ಎಂಬ ಸಂದೇಶಗಳನ್ನು ನೀವು ವಾಟ್ಸಾಪ್‌ನಲ್ಲಿ ನೋಡಿರುತ್ತೀರಿ. ಅದೇ ಜಾತಿಯ ಇನ್ನೊಂದು ಮಾತೂ ಇದೆ. ನಿಜಾಮರ ಕಾಲದ ಪಿಸ್ತೂಲು ಮನೆಯಲ್ಲಿದ್ದರೆ ಯಾರಿಗೂ ಹೇಳಬೇಡಿ, ಫೋಟೊ ಕಳಿಸಿ, ವಿದೇಶದ ಸಂಗ್ರಾಹಕರು ಕೇಳಿದಷ್ಟು ಕೊಡುತ್ತಾರೆ ಎಂಬುದು ಅದರ ಧಾಟಿ. ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಈ ಮಾತು ಬೇಗ ನಂಬಿಕೆ ಹುಟ್ಟಿಸುತ್ತದೆ. ಯಾಕೆಂದರೆ ಈ ಭಾಗದಲ್ಲಿ ಹಳೆ ಬಂದೂಕು, ಪಿಸ್ತೂಲು ಇದ್ದ ಮನೆತನಗಳ ನೆನಪು ಇನ್ನೂ ಹಸಿಯಾಗಿದೆ.

ಹಾಗಾದರೆ ಹಳೆ ಪಿಸ್ತೂಲಿಗೆ ಬೆಲೆ ಇಲ್ಲವೇ? ಇದೆ. ಕೆಲವಕ್ಕೆ ಒಳ್ಳೆಯ ಬೆಲೆಯೇ ಇದೆ. ಆದರೆ ಆ ಬೆಲೆ ವಯಸ್ಸಿನಿಂದ ಬರುವುದಿಲ್ಲ, ಹೊಳಪಿನಿಂದಲೂ ಬರುವುದಿಲ್ಲ. ಕಾಗದ, ಗುಂಡಿನ ಅಳತೆ, ನಂಬರು, ಸ್ಥಿತಿ, ಕತೆಯ ಪುರಾವೆ ಎಂಬ ಐದು ಸಂಗತಿಗಳಿಂದ, ಇದೇ ಕ್ರಮದಲ್ಲಿ ಬರುತ್ತದೆ. ಮೊದಲನೆಯದು ಇಲ್ಲದಿದ್ದರೆ ಉಳಿದ ನಾಲ್ಕು ಎಷ್ಟೇ ಚೆನ್ನಾಗಿದ್ದರೂ ಮಾರುವ ಬೆಲೆ ಸೊನ್ನೆ. ಅಷ್ಟೇ ಅಲ್ಲ, ಜೈಲಿಗೂ ದಾರಿ. ಒಂದೊಂದಾಗಿ ನೋಡೋಣ.

ಈ ಭಾಗಕ್ಕೆ ಹಳೆ ಪಿಸ್ತೂಲು ಬಂದದ್ದು ಹೇಗೆ?

ಇಂದಿನ ಬೀದರ್ ಜಿಲ್ಲೆ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಕಲ್ಯಾಣಿ ಎಂದು ಕರೆಯುತ್ತಿದ್ದ ಬಸವಕಲ್ಯಾಣದಲ್ಲಿ ನವಾಬರ ಜಾಗೀರು ಇತ್ತು. ಜಾಗೀರುದಾರರು, ದೊಡ್ಡ ಜಮೀನುದಾರರು, ಅಧಿಕಾರಿಗಳ ಬಳಿ ಇಂಗ್ಲೆಂಡ್, ಬೆಲ್ಜಿಯಂ, ಜರ್ಮನಿ, ಅಮೆರಿಕದಲ್ಲಿ ತಯಾರಾದ ಆಯುಧಗಳಿರುವುದು ಆ ಕಾಲದಲ್ಲಿ ಅಪರೂಪವೇನಲ್ಲ. 1948ರಲ್ಲಿ ರಜಾಕಾರರ ಹಾವಳಿ ಜೋರಾಯಿತು. ಬಸವಕಲ್ಯಾಣ ತಾಲೂಕಿನ ಗೋರಟಾದಲ್ಲಿ ಹತ್ಯಾಕಾಂಡ ನಡೆದದ್ದು ಆ ವರ್ಷವೇ. ಅದೇ ವರ್ಷ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಕೆಲವೇ ದಿನಗಳಲ್ಲಿ ಮುಗಿದು ಸಂಸ್ಥಾನ ಭಾರತಕ್ಕೆ ಸೇರಿತು. ಅದಕ್ಕೆ ಮೊದಲು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಹೊರಗಿನಿಂದ ವಿಮಾನದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಶಸ್ತ್ರಾಸ್ತ್ರ ಸಾಗಿಸಿದ್ದ.

ಹೀಗಾಗಿ ನಮ್ಮ ಮುತ್ಯಾ ಹತ್ರ ಒಂದು ಪಿಸ್ತೂಲ್ ಇತ್ತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳೇ ಇರಬೇಕೆಂದಿಲ್ಲ. ಆದರೆ ಆ ಪಿಸ್ತೂಲಿಗೆ ಮುಂದೆ ಕಾಗದ ಆಯಿತೇ ಎಂಬುದೇ ಇವತ್ತಿನ ಪ್ರಶ್ನೆ. 1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ಇಂದಿನವರೆಗೆ ಆ ಆಯುಧ ಲೈಸೆನ್ಸ್ ಪುಸ್ತಕದಲ್ಲಿ ಸತತವಾಗಿ ನಮೂದಾಗಿದೆಯೇ? ಬೆಲೆ ಕಟ್ಟುವ ಕೆಲಸ ಇಲ್ಲಿಂದ ಶುರು.

ಸೆಮಿ ಆಟೊಮ್ಯಾಟಿಕ್ ಅಂದರೇನು?

ರಿವಾಲ್ವರ್‌ನಲ್ಲಿ ಗುಂಡುಗಳು ತಿರುಗುವ ಉರುಳೆಯಲ್ಲಿ ಕೂತಿರುತ್ತವೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಅವು ಸಾಮಾನ್ಯವಾಗಿ ಹಿಡಿಕೆಯೊಳಗಿನ ಮ್ಯಾಗಜೀನ್‌ನಲ್ಲಿ ಒಂದರ ಮೇಲೊಂದು ಇರುತ್ತವೆ. ಗುಂಡು ಮುಂದೆ ಹಾರಿದಾಗ ಅದೇ ಬಲ ಹಿಂದಕ್ಕೂ ತಳ್ಳುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮವೇ ಇದು. ಆ ಹಿಂದಿನ ತಳ್ಳುವಿಕೆಯಿಂದ ಮೇಲಿನ ಭಾಗ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ತಂದಾಗ ಹೊಸ ತೋಟೆ ನಳಿಕೆಗೆ ಬಂದು ಕೂರುತ್ತದೆ. ಪ್ರತಿ ಗುಂಡಿಗೂ ಟ್ರಿಗರ್ ಮತ್ತೆ ಒತ್ತಬೇಕು. ಅದಕ್ಕೇ ಅದು ಅರೆ ಸ್ವಯಂಚಾಲಿತ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಹಳೆ ಪಿಸ್ತೂಲಿನ ಮೇಲೆ ಆಟೊಮ್ಯಾಟಿಕ್ ಎಂದು ಕೆತ್ತಿರುವುದನ್ನು ನೋಡಿ ಇದು ಮಷಿನ್ ಗನ್ನಿನಂಥದ್ದು, ಮಿಲಿಟರಿ ಮಾಲು, ಆದ್ದರಿಂದ ಬೆಲೆ ಹೆಚ್ಚು ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. 20ನೇ ಶತಮಾನದ ಆರಂಭದಲ್ಲಿ ತಾನೇ ತೋಟೆ ತುಂಬಿಕೊಳ್ಳುವ ಪಿಸ್ತೂಲನ್ನೆಲ್ಲ ಕಂಪನಿಗಳು ಆಟೊಮ್ಯಾಟಿಕ್ ಎಂದೇ ಕರೆಯುತ್ತಿದ್ದವು.

ಹಳೆಯ, ಹೆಸರಾದ ಪಿಸ್ತೂಲುಗಳಲ್ಲಿ ಕೆಲವು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಪಾಯಿಂಟ್ 32 ಪಿಸ್ತೂಲು. ಇದನ್ನು ಲಂಡನ್ ಪೊಲೀಸರು 1911ರಲ್ಲಿ ಬಳಕೆಗೆ ತೆಗೆದುಕೊಂಡರು. ಅಮೆರಿಕದ ಕೋಲ್ಟ್ ಕಂಪನಿಯ 1903ರ ಮಾದರಿ. ಬೆಲ್ಜಿಯಂನ ಎಫ್‌ಎನ್ ಕಂಪನಿಯ 1900 ಮತ್ತು 1910ರ ಮಾದರಿಗಳು. ಕೋಲ್ಟ್ 1903 ಮತ್ತು ಎಫ್‌ಎನ್‌ನ ಈ ಎರಡೂ ಮಾದರಿಗಳನ್ನು ರೂಪಿಸಿದವರು ಅಮೆರಿಕದ ಜಾನ್ ಬ್ರೌನಿಂಗ್. ಜರ್ಮನಿಯ ಮೌಸರ್ ಸಿ96, ಲೂಗರ್, ವಾಲ್ಥರ್ ಪಿಪಿ ಕೂಡ ಈ ಸಾಲಿನವು.

ಇವು ಹಳೆಯವು ಹೌದು, ಆದರೆ ವಿರಳವೇ? ಕೋಲ್ಟ್ 1903ರ ಮಾದರಿ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಮೌಸರ್ ಸಿ96 ಹತ್ತು ಲಕ್ಷದ ಆಸುಪಾಸು. ನೂರು ವರ್ಷ ಹಳೆಯದು ಅಂದಮಾತ್ರಕ್ಕೆ ಜಗತ್ತಿನಲ್ಲಿ ಒಂದೇ ಇದೆ ಅಂತ ಅಲ್ಲ.

ಮೊದಲನೆಯದು: ಕಾಗದ

ಮನೆ ಮಾರುವಾಗ ಗೋಡೆ ಚೆನ್ನಾಗಿದೆಯೇ ಎಂದು ನೋಡುವ ಮೊದಲು ಪಹಣಿ, ಖಾತೆ ಕೇಳುತ್ತೇವೆ. ಪಿಸ್ತೂಲಿನ ವಿಷಯದಲ್ಲಿ ಇದು ಇನ್ನೂ ಬಿಗಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದೇ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಎರಡರಿಂದ ಐದು ವರ್ಷ ಜೈಲು ಮತ್ತು ದಂಡ. ನಿಷೇಧಿತ ವರ್ಗದ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ.

ತುಕ್ಕು ಹಿಡಿದಿದೆ, ಗುಂಡು ಹಾರುವುದಿಲ್ಲ, ಆಂಟಿಕ್ ಪೀಸು, ಇದಕ್ಕೆ ಲೈಸೆನ್ಸ್ ಬೇಕಿಲ್ಲ ಎಂಬ ಮಾತು ಬಹಳ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಹಳೆಯ, ಬಳಕೆ ತಪ್ಪಿದ ಅಥವಾ ಕೆಟ್ಟುಹೋದ ಆಯುಧಗಳಿಗೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ರಿಪೇರಿ ಮಾಡಿದರೂ, ಮಾಡದಿದ್ದರೂ ಬಂದೂಕಾಗಿ ಬಳಸಲು ಸಾಧ್ಯವೇ ಇಲ್ಲದಂಥವುಗಳಿಗೆ ಮಾತ್ರ. ಸ್ಪ್ರಿಂಗ್ ಬದಲಿಸಿದರೆ ಅಥವಾ ತುಕ್ಕು ತೆಗೆದರೆ ಹಾರುವಂತಿದ್ದರೆ ಅದು ಕಾನೂನಿನ ಕಣ್ಣಿಗೆ ಇವತ್ತಿಗೂ ಪಿಸ್ತೂಲೇ. ಅದನ್ನು ತೀರ್ಮಾನಿಸುವವರು ನೀವೂ ಅಲ್ಲ, ಫಾರ್ವರ್ಡ್ ಕಳಿಸಿದವರೂ ಅಲ್ಲ.

ಕಾಗದ ಇದ್ದರೆ ಏನೇನು ನೋಡಬೇಕು? ಲೈಸೆನ್ಸ್ ಚಾಲ್ತಿಯಲ್ಲಿದೆಯೇ? ಅದರಲ್ಲಿ ಬರೆದ ಕಂಪನಿ, ಅಳತೆ, ನಂಬರು ಪಿಸ್ತೂಲಿನ ಮೇಲಿರುವುದಕ್ಕೆ ತಾಳೆ ಆಗುತ್ತದೆಯೇ? ಈಗ ಲೈಸೆನ್ಸ್‌ದಾರರಿಗೆಲ್ಲ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದು ಇದೆಯೇ? ಕೊಂಡಾಗಿನ ರಸೀದಿ, ಹಳೆ ಲೈಸೆನ್ಸ್ ಪುಸ್ತಕ, ಚುನಾವಣೆ ಕಾಲದಲ್ಲಿ ಠಾಣೆಗೆ ಜಮಾ ಮಾಡಿದ ರಸೀದಿಗಳನ್ನು ಎಸೆಯಬೇಡಿ. 2021ರ ಏಪ್ರಿಲ್‌ನಲ್ಲಿ ನಡೆದ ಬಸವಕಲ್ಯಾಣ ಉಪಚುನಾವಣೆಯಂಥ ಸಂದರ್ಭಗಳಲ್ಲಿ ಲೈಸೆನ್ಸ್ ಆಯುಧಗಳನ್ನು ಜಮಾ ಮಾಡಿಸಿಕೊಳ್ಳುವ ಪದ್ಧತಿ ಇದೆ. ಅಂಥ ಒಂದು ಸಣ್ಣ ಚೀಟಿಯೂ ಈ ಪಿಸ್ತೂಲು ಇಂಥ ವರ್ಷ ಇಂಥವರ ಹೆಸರಿನಲ್ಲಿತ್ತು ಎಂಬುದಕ್ಕೆ ಸಾಕ್ಷಿ.

ಎರಡನೆಯದು: ಗುಂಡಿನ ಅಳತೆ

ಒಂದೇ ಪಿಸ್ತೂಲು ಅಮೆರಿಕದಲ್ಲಿ ದುಬಾರಿ, ಇಲ್ಲಿ ಕೊಳ್ಳುವವರೇ ಇಲ್ಲ. ಹೀಗೂ ಆಗುತ್ತದೆ. ಅದಕ್ಕೆ ಕಾರಣ ಅಳತೆ, ಅಂದರೆ ಬೋರ್.

ನಮ್ಮ ದೇಶದಲ್ಲಿ 9 ಮಿ.ಮೀ. ಪಿಸ್ತೂಲು, ಪಾಯಿಂಟ್ 38, ಪಾಯಿಂಟ್ 455 ಅಳತೆಯ ಕೈಬಂದೂಕುಗಳು ನಿಷೇಧಿತ ಬೋರ್ ಎನಿಸಿಕೊಳ್ಳುತ್ತವೆ. ಇವಕ್ಕೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡಲಾರರು, ಕೇಂದ್ರ ಗೃಹ ಸಚಿವಾಲಯವೇ ಕೊಡಬೇಕು. ಪಾಯಿಂಟ್ 32, ಪಾಯಿಂಟ್ 22ರಂಥವು ನಿಷೇಧಿತವಲ್ಲದ ಬೋರ್. ಬೀದರ್ ಜಿಲ್ಲೆಯವರಿಗೆ ಇವಕ್ಕೆ ಲೈಸೆನ್ಸ್ ಪ್ರಾಧಿಕಾರ ಜಿಲ್ಲಾ ದಂಡಾಧಿಕಾರಿ, ಅಂದರೆ ಬೀದರ್‌ನ ಜಿಲ್ಲಾಧಿಕಾರಿ. ಹೀಗಾಗಿ ಸಾಮಾನ್ಯ ಲೈಸೆನ್ಸ್‌ದಾರ ಕೊಳ್ಳಬಹುದಾದ ಹಳೆ ಪಿಸ್ತೂಲುಗಳಲ್ಲಿ ಪಾಯಿಂಟ್ 32ಕ್ಕೇ ಬೇಡಿಕೆ. ಜರ್ಮನ್ ಸೇನೆಯ 9 ಮಿ.ಮೀ. ಲೂಗರ್ ಜಗತ್ತಿನ ಸಂಗ್ರಾಹಕರ ಕಣ್ಮಣಿಯಾದರೂ ಹುಮನಾಬಾದ್‌ನಲ್ಲಿ ಅದನ್ನು ಕಾನೂನುಬದ್ಧವಾಗಿ ಕೊಳ್ಳಬಲ್ಲವರು ಸಿಗುವುದು ಕಷ್ಟ.

ಅಳತೆ ಓದುವಾಗಲೂ ಎಚ್ಚರ ಬೇಕು. ಯೂರೋಪಿನ ಪಿಸ್ತೂಲಿನ ಮೇಲೆ 7.65 ಎಂದು ಇದ್ದರೆ ಅದು ಹೆಚ್ಚಾಗಿ ನಾವು ಪಾಯಿಂಟ್ 32 ಎನ್ನುವ ತೋಟೆಯೇ. ಆದರೆ ಲೂಗರ್‌ನ 7.65 ಬೇರೆ, ಮೌಸರ್‌ನ 7.63 ಬೇರೆ. ರಿವಾಲ್ವರ್‌ನ ಪಾಯಿಂಟ್ 32 ತೋಟೆಯೂ ಪಿಸ್ತೂಲಿನ ಪಾಯಿಂಟ್ 32 ತೋಟೆಯೂ ಒಂದೇ ಅಲ್ಲ. ಹೆಸರು ಒಂದೇ ಎಂದು ಹಾಕಿ ನೋಡುವುದು ಪ್ರಾಣಕ್ಕೆ ಕುತ್ತು.

ಇಲ್ಲಿ ಹಳೆ ವಿದೇಶಿ ಪಿಸ್ತೂಲಿಗೆ ಬೆಲೆ ಏರಿದ್ದೇಕೆ?

ಇದರಲ್ಲಿ ಮಾಯೆ ಏನಿಲ್ಲ, ಪೂರೈಕೆ ಮತ್ತು ಬೇಡಿಕೆಯ ಲೆಕ್ಕ ಅಷ್ಟೇ. 1980ರ ದಶಕದಲ್ಲಿ ಖಾಸಗಿಯವರು ವಿದೇಶದಿಂದ ಬಂದೂಕು ತರಿಸುವುದಕ್ಕೆ ಕಡಿವಾಣ ಬಿತ್ತು. ಹೊಸ ವಿದೇಶಿ ಪಿಸ್ತೂಲು ಬರುವುದು ನಿಂತಿತು, ಲೈಸೆನ್ಸ್ ಪಡೆಯುವವರು ನಿಲ್ಲಲಿಲ್ಲ. ಒಳಗಿದ್ದ ಹಳೆ ವೆಬ್ಲಿ, ಕೋಲ್ಟ್, ವಾಲ್ಥರ್‌ಗಳೇ ಕೈಯಿಂದ ಕೈಗೆ ದಾಟತೊಡಗಿದವು. ಅಮೆರಿಕದಲ್ಲಿ ಸಾಧಾರಣ ಬೆಲೆಯ ಪಾಯಿಂಟ್ 32 ಪಿಸ್ತೂಲಿಗೂ ಇಲ್ಲಿ ಲಕ್ಷಗಳ ಮಾತು ಬಂದದ್ದು ಹೀಗೆ. ಆದ್ದರಿಂದ ವಿದೇಶಿ ವೆಬ್‌ಸೈಟಿನಲ್ಲಿ ಕಂಡ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿದರೆ ಇಲ್ಲಿನ ಬೆಲೆ ಸಿಗುವುದಿಲ್ಲ. ಅದು ಬೇರೆ ಸಂತೆ, ಇದು ಬೇರೆ ಸಂತೆ.

ಆದರೆ ಈ ಲೆಕ್ಕ ಶಾಶ್ವತವಲ್ಲ. ದೇಶದ ಆರ್ಡ್‌ನೆನ್ಸ್ ಕಾರ್ಖಾನೆ ಅಶನಿ ಹೆಸರಿನ ಪಾಯಿಂಟ್ 32 ಪಿಸ್ತೂಲು ತಯಾರಿಸುತ್ತದೆ. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರ್‌ಗಳು ಕೂಡ 2020ರಿಂದ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿವೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಮೂರರ ಬದಲು ಎರಡೇ ಬಂದೂಕು ಇರಬಹುದು. ಈಗಾಗಲೇ ಎರಡಿರುವವರು ನಿಮ್ಮದನ್ನು ಕೊಳ್ಳಲಾರರು. ಹತ್ತು ವರ್ಷದ ಹಿಂದೆ ಯಾರೋ ಹೇಳಿದ ಬೆಲೆ ಇವತ್ತಿಗೂ ಇರಲೇಬೇಕೆಂದಿಲ್ಲ.

ಮೂರನೆಯದು: ನಂಬರು ಮತ್ತು ಮುದ್ರೆ

ಪ್ರತಿ ಪಿಸ್ತೂಲಿಗೂ ಒಂದು ಸರಣಿ ಸಂಖ್ಯೆ ಇರುತ್ತದೆ. ತಯಾರಾದ ಅವಧಿಯನ್ನು ಅಂದಾಜು ಮಾಡುವುದು ಅದರಿಂದಲೇ. ಇದಲ್ಲದೆ ಪರೀಕ್ಷಾ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮ್‌ನ, ಬೆಲ್ಜಿಯಂನ ಲೀಜ್ ನಗರದ ಪರೀಕ್ಷಾ ಕೇಂದ್ರಗಳು ಹೆಚ್ಚು ಒತ್ತಡದ ತೋಟೆ ಹಾರಿಸಿ, ನಳಿಕೆ ತಡೆದುಕೊಂಡರೆ ಸಣ್ಣ ಮುದ್ರೆ ಒತ್ತುತ್ತಿದ್ದವು. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂತೆ ಇದು. ಕಿರೀಟದ ಗುರುತು ಕಂಡ ಕೂಡಲೇ ಇದು ರಾಜಮನೆತನದ್ದು ಎಂದು ಹೇಳುವವರಿದ್ದಾರೆ. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮುದ್ರೆಯಲ್ಲೇ ಕಿರೀಟ ಇರುತ್ತದೆ. ಅದು ಕಾರ್ಖಾನೆ ಪರೀಕ್ಷೆಯ ಗುರುತು, ಯಾವ ರಾಜನದೂ ಅಲ್ಲ.

ಸಂಗ್ರಾಹಕರು ಭಾಗಗಳ ನಂಬರು ತಾಳೆಯಾಗುತ್ತದೆಯೇ ಎಂದೂ ನೋಡುತ್ತಾರೆ. ಲೂಗರ್‌ನಲ್ಲಿ ಸಣ್ಣ ಸಣ್ಣ ಭಾಗಗಳ ಮೇಲೂ ಸಂಖ್ಯೆಯ ಕೊನೆಯ ಅಂಕಿಗಳಿರುತ್ತವೆ. ಒಂದರ ನಳಿಕೆ, ಇನ್ನೊಂದರ ಮೇಲ್ಭಾಗ ಸೇರಿಸಿ ಜೋಡಿಸಿದ್ದರೆ ಸಂಗ್ರಹದ ಬೆಲೆ ಥಟ್ಟನೆ ಇಳಿಯುತ್ತದೆ.

ನಂಬರು ಉಜ್ಜಿದ್ದರೆ? ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಗುರುತಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು ಕಾಯ್ದೆಯ 8ನೇ ಕಲಮಿನ ಪ್ರಕಾರ ನಿಷಿದ್ಧ. ಉಜ್ಜಿದರೆ ಗೊತ್ತಾಗುವುದಿಲ್ಲ ಎಂಬುದೂ ಸುಳ್ಳು. ಅಂಕಿ ಒತ್ತುವಾಗ ಅದರ ಕೆಳಗಿನ ಲೋಹದ ಕಣರಚನೆಯೂ ನಲುಗಿರುತ್ತದೆ. ಮೇಲ್ಮೈ ಉಜ್ಜಿದರೂ ಆ ನಲುಗು ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣ ಸವರಿದಾಗ ನಲುಗಿದ ಭಾಗ ಬೇರೆ ವೇಗದಲ್ಲಿ ಕರಗಿ, ಅಳಿಸಿದ ಅಂಕಿ ಎಷ್ಟೋ ಸಲ ಮತ್ತೆ ಕಾಣುತ್ತದೆ.

ಇನ್ನು ನಕಲಿಗಳು. ಬಿಹಾರದ ಮುಂಗೇರ್‌ನಂಥ ಕಡೆ ಅಕ್ರಮವಾಗಿ ತಯಾರಾದ ನಾಡ ಪಿಸ್ತೂಲುಗಳ ಮೇಲೂ ಅಮೆರಿಕ, ಇಟಲಿಯ ಹೆಸರು ಒತ್ತಿರುತ್ತಾರೆ. ಓರೆಕೋರೆ ಅಕ್ಷರ, ತಪ್ಪು ಸ್ಪೆಲ್ಲಿಂಗ್, ಪರೀಕ್ಷಾ ಮುದ್ರೆ ಇಲ್ಲದಿರುವುದು ಇವುಗಳ ಗುರುತು. ಇವಕ್ಕೆ ಕಾನೂನಿನ ಬೆಲೆಯೂ ಇಲ್ಲ, ಕೈಯಲ್ಲೇ ಸಿಡಿಯದು ಎಂಬ ಖಾತರಿಯೂ ಇಲ್ಲ.

ನಾಲ್ಕನೆಯದು: ಸ್ಥಿತಿ. ಹೊಳಪು ಕೊಡಿಸಿದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ

ಬೀದರ್‌ನವರಿಗೆ ಇದನ್ನು ಬಿದರಿ ಕಲೆಯ ಮೂಲಕ ಹೇಳಿದರೆ ಸುಲಭ. ಸತುವು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಇಟ್ಟಾಗ ಆ ಗಾಢ ಕಪ್ಪು ಬರುತ್ತದೆ. ಹಳೆ ಬಿದರಿ ಹೂಜಿಯ ಕಪ್ಪನ್ನು ಕೊಳೆ ಎಂದುಕೊಂಡು ತಿಕ್ಕಿ ತೆಗೆದರೆ ಏನಾಗುತ್ತದೆ? ಹೊಳೆಯುತ್ತದೆ, ಆದರೆ ಅದು ಬಿದರಿಯಾಗಿ ಉಳಿಯುವುದಿಲ್ಲ.

ಪಿಸ್ತೂಲಿನ ನೀಲಿಗಪ್ಪು ಬಣ್ಣವೂ ಹಾಗೆಯೇ. ಅದು ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಮೈಯನ್ನು ನಿಯಂತ್ರಿತವಾಗಿ ಉತ್ಕರ್ಷಿಸಿ ಬರಿಸಿದ ತೆಳ್ಳಗಿನ ಕಪ್ಪು ಕಬ್ಬಿಣದ ಆಕ್ಸೈಡ್ ಪದರ. ಕೆಂಪು ತುಕ್ಕಿನಿಂದ ಉಕ್ಕನ್ನು ಕಾಯುವುದು ಇದೇ. ಮೂಲ ಪದರ ಎಷ್ಟು ಉಳಿದಿದೆ ಎಂಬುದರ ಮೇಲೆ ಸಂಗ್ರಾಹಕರು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಮಸುಕಾದ ಮೂಲ ಪದರ ಇರುವ ಪಿಸ್ತೂಲು, ಹೊಸದಾಗಿ ನಿಕಲ್ ಲೇಪಿಸಿ ಫಳಫಳ ಹೊಳೆಯುವ ಪಿಸ್ತೂಲಿಗಿಂತ ಅವರಿಗೆ ಹೆಚ್ಚು. ತಿಕ್ಕುವಾಗ ಅಕ್ಷರ, ಮುದ್ರೆಗಳ ಅಂಚು ಸವೆದರೆ ಗುರುತು ಹಿಡಿಯುವುದೇ ಕಷ್ಟ.

ನಳಿಕೆಯ ಒಳಗೂ ಒಂದು ಕತೆ ಇರುತ್ತದೆ. 20ನೇ ಶತಮಾನದ ಮೊದಲ ದಶಕಗಳ ತೋಟೆಗಳಲ್ಲಿ ಕಿಡಿ ಹೊತ್ತಿಸಲು ಪೊಟ್ಯಾಸಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ನಳಿಕೆಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆ ಉಪ್ಪು ನೀರೊಡೆಯುವಂತೆ ಇದೂ ಗಾಳಿಯ ತೇವ ಹೀರುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸಿದರೆ ಲವಣ ಹೋಗುವುದಿಲ್ಲ, ಅದು ಎಣ್ಣೆಯಲ್ಲಿ ಕರಗದು. ಹೊರಗೆ ಚೆನ್ನಾಗಿ ಕಾಣುವ ಎಷ್ಟೋ ಹಳೆ ಪಿಸ್ತೂಲುಗಳ ನಳಿಕೆ ಒಳಗೆ ಸಿಡುಬಿನ ಕಲೆಯಂತೆ ಗುಳಿಬಿದ್ದಿರುವುದು ಇದರಿಂದ. ಬೆಲೆ ಕಟ್ಟುವ ತಜ್ಞರು ಮೊದಲು ನಳಿಕೆಗೆ ಬೆಳಕು ಹಿಡಿಯುವುದು ಅದಕ್ಕೇ.

ಮೂಲ ಮ್ಯಾಗಜೀನ್ ಇದೆಯೇ, ಹಿಡಿಕೆಯ ಪಟ್ಟಿ ಕಂಪನಿಯದೇ, ಸ್ಪ್ರಿಂಗ್ ಸಡಿಲವಾಗಿದೆಯೇ, ಯಾರಾದರೂ ವೆಲ್ಡಿಂಗ್ ಮಾಡಿದ್ದಾರೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಇದನ್ನೆಲ್ಲ ನೀವೇ ಬಿಚ್ಚಿ ನೋಡಬೇಡಿ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ, ನಳಿಕೆಯಲ್ಲಿ ಒಂದು ತೋಟೆ ಕೂತಿರಬಹುದು. ಎಷ್ಟೋ ಹಳೆ ಪಿಸ್ತೂಲುಗಳು ಮ್ಯಾಗಜೀನ್ ಇಲ್ಲದೆಯೂ ಹಾರುತ್ತವೆ. ಪರೀಕ್ಷೆಗೆ ಒಂದು ಗುಂಡು ಹಾರಿಸಿ ನೋಡುವುದಂತೂ ಬೇಡವೇ ಬೇಡ.

ಐದನೆಯದು: ಕತೆಗೆ ಪುರಾವೆ

ಕೆಲವು ಬಂದೂಕುಗಳು ನಿಜವಾಗಿಯೂ ಕೋಟಿಗಟ್ಟಲೆ ಬೆಲೆಗೆ ಹೋಗಿವೆ. ಅಮೆರಿಕದ ಕುಖ್ಯಾತ ಡಕಾಯಿತ ಬಿಲ್ಲಿ ದಿ ಕಿಡ್‌ನನ್ನು ಕೊಂದ ರಿವಾಲ್ವರ್ 2021ರ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಅದೇ ಕಂಪನಿಯ, ಅದೇ ಮಾದರಿಯ ಬೇರೆ ರಿವಾಲ್ವರ್‌ಗೆ ಅದರ ಸಣ್ಣ ಪಾಲೂ ಸಿಗುವುದಿಲ್ಲ. ಹಣ ಸಿಕ್ಕಿದ್ದು ಕತೆಗೆ, ಕತೆಯನ್ನು ಸಾಬೀತು ಮಾಡಿದ ದಾಖಲೆಗೆ.

ನಮ್ಮ ದೇಶದ ಉದಾಹರಣೆ ಇನ್ನೂ ಚೆನ್ನಾಗಿದೆ. 1928ರ ಡಿಸೆಂಬರ್ 17ರಂದು ಲಾಹೋರ್‌ನಲ್ಲಿ ಸಾಂಡರ್ಸ್ ಎಂಬ ಪೊಲೀಸ್ ಅಧಿಕಾರಿಯ ಮೇಲೆ ಭಗತ್ ಸಿಂಗ್ ಬಳಸಿದ್ದು ಪಾಯಿಂಟ್ 32 ಕೋಲ್ಟ್ ಪಿಸ್ತೂಲು. ಅದು ಎಲ್ಲಿದೆ ಎಂಬುದು ದಶಕಗಳ ಕಾಲ ಮರೆತುಹೋಗಿತ್ತು. 2016ರಲ್ಲಿ ಇಂದೋರ್‌ನ ಗಡಿ ಭದ್ರತಾ ಪಡೆಯ ಸಂಗ್ರಹಾಲಯದಲ್ಲಿ ಅದು ಪತ್ತೆಯಾಯಿತು. ಗುರುತು ಹಿಡಿಸಿದ್ದು ಒಂದೇ ಸಂಗತಿ, 168896 ಎಂಬ ಸರಣಿ ಸಂಖ್ಯೆ. ಅದು ಹಳೆ ದಾಖಲೆಗೆ ತಾಳೆಯಾಯಿತು. ಅಲ್ಲಿಯವರೆಗೆ ಅದು ಸಾಲಿನಲ್ಲಿಟ್ಟ ಹಲವು ಪಿಸ್ತೂಲುಗಳಲ್ಲಿ ಒಂದು, ಅಷ್ಟೇ. ಮುಂದೆ ಅದನ್ನು ಪಂಜಾಬಿನ ಹುಸೇನಿವಾಲಾಕ್ಕೆ ಒಯ್ದು ಪ್ರದರ್ಶನಕ್ಕಿಟ್ಟರು.

ಇದು ನಿಜಾಮರ ಸರದಾರರದ್ದು, ಇದು ಕಲ್ಯಾಣಿ ನವಾಬರದ್ದು ಎಂಬ ಮಾತಿಗೂ ಇದೇ ಅಳತೆಗೋಲು. ನಂಬರು ಇರುವ ದಾಖಲೆ ಇದ್ದರೆ ಅದು ಇತಿಹಾಸ. ಇಲ್ಲದಿದ್ದರೆ ಕಟ್ಟೆಯ ಮೇಲಿನ ಮಾತು. ಬಾಯಿಮಾತಿಗೆ ಸಂಗ್ರಾಹಕರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ.

ವಿದೇಶಿ ಸಂಗ್ರಾಹಕ ಎಂಬ ಬಲೆ

ಫಾರ್ವರ್ಡ್‌ನ ಜೀವಾಳ ಇರುವುದು ಇಲ್ಲಿ. ವಿದೇಶದವರು ಕೊಳ್ಳುತ್ತಾರಂತೆ, ಗುಟ್ಟಾಗಿ ಸಾಗಿಸುತ್ತಾರಂತೆ, ನೀವು ಮೊದಲು ಪರೀಕ್ಷಾ ಶುಲ್ಕ ಅಂತ ಇಪ್ಪತ್ತೈದು ಸಾವಿರ ಹಾಕಬೇಕಂತೆ.

ಬಂದೂಕನ್ನು ದೇಶದಿಂದ ಹೊರಗೆ ಒಯ್ಯಲು ಪ್ರತ್ಯೇಕ ಲೈಸೆನ್ಸ್ ಬೇಕು. ಅದು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅಡ್ಡ ಬರುತ್ತದೆ. ಆ ಕಾಯ್ದೆಯಂತೆ ಖಾಸಗಿಯವರು ಪ್ರಾಚ್ಯವಸ್ತುವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಂದರೆ ಹೊಸದಾದರೆ ಒಂದು ಕಾನೂನು, ತೀರ ಹಳೆಯದಾದರೆ ಎರಡು ಕಾನೂನು. ಗುಟ್ಟಾಗಿ ಕೊಳ್ಳುತ್ತೇವೆ ಎನ್ನುವವರು ಒಂದೋ ಮುಂಗಡ ಶುಲ್ಕ ನುಂಗುವ ಮೋಸಗಾರರು, ಇಲ್ಲವೇ ಆಯುಧವನ್ನು ಅಪರಾಧಕ್ಕೆ ಬಳಸುವವರು. ಎರಡರಲ್ಲೂ ಕಳೆದುಕೊಳ್ಳುವವರು ನೀವೇ. ಲೈಸೆನ್ಸ್ ಇಲ್ಲದ ಪಿಸ್ತೂಲಿನ ಫೋಟೊ ಕಳಿಸಿದರೆ ನಿಮ್ಮ ವಿರುದ್ಧದ ಸಾಕ್ಷ್ಯ ನೀವೇ ಅಪರಿಚಿತರ ಕೈಗೆ ಕೊಟ್ಟಂತೆ. ಅದನ್ನೇ ಹಿಡಿದು ಬೆದರಿಸಿ ಹಣ ಕೇಳುವುದೂ ಸಾಧ್ಯ.

ಹಾಗಾದರೆ ಏನು ಮಾಡಬೇಕು?

ಲೈಸೆನ್ಸ್‌ದಾರರು ಬದುಕಿದ್ದರೆ: 70 ವರ್ಷ ತುಂಬಿದಾಗ ಅಥವಾ ಆಯುಧ 25 ವರ್ಷ ಇಟ್ಟುಕೊಂಡ ಮೇಲೆ, ಯಾವುದು ಮೊದಲೋ ಆಗ, ತಮ್ಮ ಕಾನೂನುಬದ್ಧ ವಾರಸುದಾರರೊಬ್ಬರ ಹೆಸರು ಸೂಚಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ತೀರಿಕೊಂಡ ಮೇಲೆ ಓಡಾಡುವ ಬದಲು ಮೊದಲೇ ಮಾಡಿಸುವುದು ಜಾಣತನ.

ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ: ಅವರ ಲೈಸೆನ್ಸ್ ಮನೆಯವರಿಗೆ ತಾನಾಗಿ ಬರುವುದಿಲ್ಲ. ತಡಮಾಡದೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಯಲ್ಲಿ ಜಮಾ ಮಾಡಿ, ರಸೀದಿ ಪಡೆಯಿರಿ. ಠಾಣೆಗೆ ಕೊಟ್ಟರೆ ಹೋಯಿತು, ಮತ್ತೆ ಸಿಗುವುದಿಲ್ಲ ಎಂಬ ಭಯದಿಂದಲೇ ಎಷ್ಟೋ ಜನ ಸುಮ್ಮನಿರುತ್ತಾರೆ. ಇದು ತಪ್ಪು. ಕಾಯ್ದೆಯ 21ನೇ ಕಲಮಿನ ಪ್ರಕಾರ ಜಮಾ ಮಾಡಿದವರು ನಿಗದಿತ ಅವಧಿಯೊಳಗೆ ಲೈಸೆನ್ಸ್ ಪಡೆದು ಆಯುಧ ವಾಪಸ್ ಪಡೆಯಬಹುದು. ಇಲ್ಲವೇ ಇಟ್ಟುಕೊಳ್ಳುವ ಹಕ್ಕಿರುವ ಬೇರೊಬ್ಬರಿಗೆ ಮಾರಿಸಿ ಹಣವನ್ನೂ ಪಡೆಯಬಹುದು. ಅವಧಿ ಮುಗಿಯುವವರೆಗೆ ಸುಮ್ಮನಿದ್ದರೆ ಮಾತ್ರ ಜಪ್ತಿಯಾಗುವ ಸಾಧ್ಯತೆ. ಅಂದರೆ ಜಮಾ ಮಾಡುವುದೇ ಪಿಸ್ತೂಲಿನ ಬೆಲೆ ಉಳಿಸಿಕೊಳ್ಳುವ ದಾರಿ, ಬಚ್ಚಿಡುವುದು ಬೆಲೆ ಕಳೆದುಕೊಳ್ಳುವ ದಾರಿ.

ಮಾರಬೇಕೆಂದಿದ್ದರೆ: ಕೊಳ್ಳುವವರಿಗೂ ಅದೇ ಬಗೆಯ ಆಯುಧಕ್ಕೆ ಲೈಸೆನ್ಸ್ ಇರಬೇಕು. ನೀವು ನೇರವಾಗಿ ಒಬ್ಬರಿಗೆ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ನಂತರವೇ ಹಸ್ತಾಂತರ. ಬೆಲೆ ಕಟ್ಟಿಸಲು ಲೈಸೆನ್ಸ್ ಇರುವ ಎರಡು ಮೂರು ವ್ಯಾಪಾರಿಗಳನ್ನು ಕೇಳಿ, ಕೊಳ್ಳುವವರು ಮೊದಲು ಹೇಳುವ ಬೆಲೆಯನ್ನೇ ನಂಬಬೇಡಿ. ಒಯ್ಯುವ ಮುನ್ನ ನಿಮ್ಮ ಲೈಸೆನ್ಸ್ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂದು ಓದಿ. ಹುಮನಾಬಾದ್‌ನಿಂದ ಹೆದ್ದಾರಿಯಲ್ಲಿ ಜಹೀರಾಬಾದ್ ಕಡೆ ಹೋದರೆ ತೆಲಂಗಾಣ, ಬಸವಕಲ್ಯಾಣದಿಂದ ಉಮರ್ಗಾ ಕಡೆ ಹೋದರೆ ಮಹಾರಾಷ್ಟ್ರ. ಕರ್ನಾಟಕಕ್ಕೆ ಮಾತ್ರ ಇರುವ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ.

ಯಾವ ಕಾಗದವೂ ಇಲ್ಲದ ಪಿಸ್ತೂಲು ಗೋಡೆ ಒಡೆಯುವಾಗಲೋ, ಹಳೆ ಟ್ರಂಕಿನಲ್ಲೋ ಸಿಕ್ಕಿದರೆ: ಮುಟ್ಟಬೇಡಿ, ಮಕ್ಕಳನ್ನು ದೂರ ಕಳಿಸಿ, ಠಾಣೆಗೆ ತಿಳಿಸಿ. ನಾಳೆ ನೋಡೋಣ ಎಂದು ಎತ್ತಿಡುವುದು ಬೇಡ. ಕೊಟ್ಟದ್ದಕ್ಕೆ ಲಿಖಿತ ಸ್ವೀಕೃತಿ ಪಡೆಯಿರಿ. ಅನುಮಾನವಿದ್ದರೆ ವಕೀಲರನ್ನು ಜೊತೆಗೆ ಕರೆದೊಯ್ಯಿರಿ. ಇಂಥ ಪಿಸ್ತೂಲಿನಿಂದ ಹಣದ ಆಸೆ ಇಟ್ಟುಕೊಳ್ಳಬೇಡಿ.

ಎರಡು ಪಿಸ್ತೂಲು, ಎರಡು ಬೆಲೆ

ಹೇಳಿದ್ದನ್ನೆಲ್ಲ ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಿ. ಒಂದು ಮನೆಯಲ್ಲಿ ಪಾಯಿಂಟ್ 32 ವೆಬ್ಲಿ ಇದೆ. ಬಣ್ಣ ಮಾಸಿದೆ, ಹಿಡಿಕೆಯ ಮೂಲೆ ಸ್ವಲ್ಪ ಮುರಿದಿದೆ. ಆದರೆ ಅಜ್ಜನ ಕಾಲದಿಂದ ಲೈಸೆನ್ಸ್ ತಪ್ಪದೆ ನವೀಕರಣವಾಗಿದೆ, ನಂಬರು ತಾಳೆಯಾಗುತ್ತದೆ. ಇನ್ನೊಂದು ಮನೆಯಲ್ಲಿ 9 ಮಿ.ಮೀ. ಲೂಗರ್ ಇದೆ. ನಿಕಲ್ ಲೇಪಿಸಿ ಕನ್ನಡಿಯಂತೆ ಹೊಳೆಯುತ್ತದೆ, ಜರ್ಮನ್ ಸೇನಾಧಿಕಾರಿಯದು ಎಂಬ ರೋಚಕ ಕತೆಯೂ ಇದೆ, ಕಾಗದ ಮಾತ್ರ ಇಲ್ಲ.

ಫಾರ್ವರ್ಡ್ ಓದಿದವರು ಎರಡನೆಯದಕ್ಕೆ ಕೋಟಿ ಎನ್ನುತ್ತಾರೆ. ನಿಜದಲ್ಲಿ ಮೊದಲನೆಯದನ್ನು ಹಗಲು ಹೊತ್ತಿನಲ್ಲಿ, ರಸೀದಿ ಕೊಟ್ಟು, ಒಳ್ಳೆಯ ಬೆಲೆಗೆ ಮಾರಬಹುದು. ಎರಡನೆಯದರಿಂದ ಸಿಗುವುದು ಏಳರಿಂದ ಹದಿನಾಲ್ಕು ವರ್ಷದ ಭಯ ಮಾತ್ರ.

ಆದ್ದರಿಂದ ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಲೈಸೆನ್ಸ್ ಬಗ್ಗೆ ಒಂದು ಸಾಲಾದರೂ ಇದೆಯೇ? ಇಲ್ಲದಿದ್ದರೆ ಅದು ಬೆಲೆ ಹೇಳುವ ಸಂದೇಶವಲ್ಲ, ಬಲೆ ಬೀಸುವ ಸಂದೇಶ. ಮನೆಯಲ್ಲಿ ಹಿರಿಯರ ಹೆಸರಿನ ಆಯುಧ ಇದ್ದರೆ ಇವತ್ತೇ ಅದರ ಲೈಸೆನ್ಸ್ ಪುಸ್ತಕ ತೆಗೆದು ಕೊನೆಯ ನವೀಕರಣದ ದಿನಾಂಕ ನೋಡಿ.